ಉದ್ದ ಲಾಳಿಯ ಹೊಲಿಗೆ ಯಂತ್ರ

ಇತ್ತೀಚಿನ ವರ್ಷಗಳಲ್ಲಿ ಮುಂಬಯಿಯ ಕೆಲವು ಉಪಾಹಾರ ಗೃಹಗಳಲ್ಲಿ ಒಂದು ಹೊಸ ಶೋಕಿ ಕಾಣಿಸಿಕೊಂಡಿದೆ. ಮೇಲೆ ನುಣುಪಾದ ಕಲ್ಲಿನ ಹಲಗೆ, ಕೆಳಗೆ ಎರಕದ ಕಬ್ಬಿಣದ ಕಾಲುಗಳು. ಆ ಕಾಲುಗಳ ನಡುವೆ ಬಳ್ಳಿಯ ಚಿತ್ತಾರದೊಳಗೆ 'ಸಿಂಗರ್' ಎಂಬ ಅಕ್ಷರಗಳು. ಕಾಲಿನಿಂದ ತುಳಿಯುವ ಜಾಳಿಗೆಯ ಪೆಡಲು ಕೂಡ ಹಾಗೆಯೇ ಉಳಿದಿರುತ್ತದೆ. ಮಕ್ಕಳು ಅದನ್ನು ತುಳಿಯುತ್ತ ಇಡ್ಲಿ ತಿನ್ನುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ, ಇಲ್ಲವೆನ್ನಲಾರೆ. ಆದರೆ ಆ ಕಾಲುಗಳ ಮೇಲೆ ಒಂದಾನೊಂದು ಕಾಲಕ್ಕೆ ಕುಳಿತಿದ್ದ ಯಂತ್ರ ಎಲ್ಲಿ ಹೋಯಿತೆಂದು ಕೇಳುವವರು ಕಡಿಮೆ. ಕಾಲುಗಳಿಗೆ ಗಿರಾಕಿಗಳಿದ್ದಾರೆ, ತಲೆಗೆ ಇಲ್ಲ. ತಲೆ ತೂಕದ ಲೆಕ್ಕದಲ್ಲಿ ಭಂಗಾರಕ್ಕೆ ಹೋಗುತ್ತದೆ. ಊರಿನಿಂದ ಹೊಸದಾಗಿ ಮುಂಬಯಿಗೆ ಬಂದ ನಮ್ಮವರು 'ಭಂಗಾರವಾಲಾ' ಎಂಬ ಕೂಗು ಕೇಳಿ ಚಿನ್ನದ ವ್ಯಾಪಾರಿಯೆಂದು ತಿಳಿದ ಹಳೆಯ ನಗೆಮಾತು ವಾಚಕರಿಗೆ ಗೊತ್ತೇ ಇದೆ. ಈ ಪ್ರಸಂಗದಲ್ಲಿ ಮಾತ್ರ ಆ ತಪ್ಪು ತಿಳಿವಳಿಕೆ ಪೂರ್ತಿ ತಪ್ಪಲ್ಲ.

ನನಗೆ ಸಿಕ್ಕ ಯಂತ್ರದ ಗತಿಯೂ ಹಾಗೆಯೇ ಆಗುವುದರಲ್ಲಿತ್ತು. ಭೇಂಡಿ ಬಜಾರದ ಹತ್ತಿರ ಮಟನ್ ಸ್ಟ್ರೀಟಿನಲ್ಲಿ, ಅಂದರೆ ಎಲ್ಲರೂ ಚೋರ್ ಬಜಾರ್ ಎಂದು ಕರೆಯುವ ಬೀದಿಯಲ್ಲಿ, ಒಂದು ಅಂಗಡಿಯ ಮುಂದೆ ಮೇಜು ಮತ್ತು ಕಬ್ಬಿಣದ ಕಾಲುಗಳು ನಿಂತಿದ್ದವು. ನಾಲ್ಕು ಅಂಗಡಿ ಆಚೆ, ಹಿತ್ತಾಳೆಯ ನಲ್ಲಿಗಳ ರಾಶಿಯ ಪಕ್ಕದಲ್ಲಿ ಯಂತ್ರದ ತಲೆ ಮಗ್ಗುಲಾಗಿ ಬಿದ್ದಿತ್ತು. ಎರಡೂ ಒಂದೇ ಮನೆಯಿಂದ ಅದೇ ವಾರ ಬಂದದ್ದೆಂದು ಎರಡನೆಯ ಅಂಗಡಿಯ ಮುದುಕರು ತಾವಾಗಿಯೇ ಹೇಳಿದರು. "ಚಾಚಾ, ಹಾಗಾದರೆ ಬೇರೆ ಬೇರೆ ಯಾಕೆ ಮಾಡಿದಿರಿ?" ಎಂದು ಕೇಳಿದೆ. "ಸಾಹೇಬ್, ಜೋಡಿಯಾಗಿ ಕೊಳ್ಳುವವರು ಈಗ ಯಾರಿದ್ದಾರೆ?" ಎಂದರು. ಚೌಕಾಶಿ ಮಾಡಿ ಎರಡನ್ನೂ ಕೊಂಡು ಟೆಂಪೋದಲ್ಲಿ ಹಾಕಿಸಿದ್ದಾಯಿತು. ಮನೆಯಲ್ಲಿ ಅದಕ್ಕೆ ಸಿಕ್ಕ ಸ್ವಾಗತದ ವಿಚಾರ ಇಲ್ಲಿ ಬೇಡ.

ತಲೆಯ ಮೇಲಿನ ಕೊಳೆಯನ್ನು ಒಂದಿಷ್ಟು ಒರೆಸಿದಾಗ ಕಪ್ಪು ಮೈಯ ಮೇಲೆ ಬಂಗಾರದ ಬಣ್ಣದ ಒಂದು ಮುಖ ಕಾಣಿಸಿತು. ಈಜಿಪ್ಟಿನ ಸ್ಫಿಂಕ್ಸ್: ಸಿಂಹದ ಮೈ, ಮನುಷ್ಯನ ಮುಖ. ಸಂಗ್ರಾಹಕರು ಈ ಚಿತ್ತಾರವನ್ನು 'ಮೆಂಫಿಸ್' ಎನ್ನುತ್ತಾರೆ. ಸಿಂಗರ್ ಕಂಪೆನಿಯ ೨೭ನೆಯ ಮಾದರಿಯ ಯಂತ್ರಗಳ ಮೇಲೆ ಇದು ಬರುತ್ತಿತ್ತು. ಮಾದರಿ ಅಪರೂಪದ್ದಲ್ಲ, ಲಕ್ಷಗಟ್ಟಲೆ ತಯಾರಾದದ್ದು. ಆದರೆ ಹೊಲಿಯುವವರ ಕೈ ಮತ್ತು ಬಟ್ಟೆ ದಿನವೂ ಉಜ್ಜಿ ಉಜ್ಜಿ ಚಿತ್ತಾರ ಅಳಿದುಹೋಗುವುದರಿಂದ, ಸ್ಫಿಂಕ್ಸಿನ ಮುಖ ಕಣ್ಣು ಮೂಗುಗಳ ಸಮೇತ ಉಳಿದಿರುವ, ಮೂಲ ಕಾಲುಗಳ ಮೇಲೆ ಕೂರಬಲ್ಲ ಯಂತ್ರ ಸಿಗುವುದು ಕಷ್ಟ. ಯಂತ್ರದ ಹಾಸಿನ ಬಲಗಡೆ, ಕಂಬದ ಬುಡದಲ್ಲಿ ಅಂಕಿಗಳನ್ನು ಒತ್ತಿರುತ್ತಾರೆ. ಅವುಗಳ ಮೊದಲು ಇಂಗ್ಲಿಷಿನ 'ಎಫ್' ಅಕ್ಷರವಿತ್ತು. ಆ ಅಕ್ಷರದ ಸರಣಿ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಎಂಬ ಊರಿನಲ್ಲಿದ್ದ ಸಿಂಗರ್ ಕಾರ್ಖಾನೆಯದು, ಶುರುವಾದದ್ದು ೧೯೧೦ರಲ್ಲಿ. ಬಾಬಿನ್ ಸುತ್ತುವ ಸಾಧನ ಚಕ್ರದ ಪಕ್ಕದಲ್ಲಿ ಕೆಳಗಡೆ ಇದೆ. ಕೆಲವೇ ವರ್ಷಗಳಲ್ಲಿ ಬಂದ ೧೨೭ನೆಯ ಮಾದರಿಯಲ್ಲಿ ಅದು ಮೇಲಕ್ಕೆ ಏರಿತು. ಹೀಗೆ ಯಂತ್ರ ಯಾವ ಊರಿನದು, ಯಾವ ಕಾಲದ್ದು ಎಂಬುದು ಒಂದೇ ಸಂಜೆಯಲ್ಲಿ ಇತ್ಯರ್ಥವಾಯಿತು. ಅದರ ಹಿಂದಿನ ಕಥೆ ಓದುವುದಕ್ಕೆ ಮಾತ್ರ ತಿಂಗಳುಗಳು ಹಿಡಿದವು.

ಹೊಲಿಗೆ ಯಂತ್ರವನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ಬಹಳ ಮಂದಿ ಸಿಂಗರ್ ಎನ್ನುತ್ತಾರೆ. ಇದು ಸರಿಯಲ್ಲ. ಇಂಗ್ಲೆಂಡಿನ ಥಾಮಸ್ ಸೇಂಟ್ ಎಂಬಾತ ೧೭೯೦ರಲ್ಲೇ ಚರ್ಮ ಹೊಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ ಸ್ವತಃ ದರ್ಜಿ. ಅವನು ೧೮೩೦ರಲ್ಲಿ ಪೇಟೆಂಟ್ ಪಡೆದು, ಸೈನಿಕರ ಸಮವಸ್ತ್ರ ಹೊಲಿಯಲು ಪ್ಯಾರಿಸಿನಲ್ಲಿ ಎಂಬತ್ತು ಯಂತ್ರಗಳ ಕಾರ್ಖಾನೆಯನ್ನೇ ಇಟ್ಟ. ಮರುವರ್ಷ ಪ್ಯಾರಿಸಿನ ದರ್ಜಿಗಳು ಗುಂಪುಗೂಡಿ ನುಗ್ಗಿ ಯಂತ್ರಗಳನ್ನು ಒಡೆದುಹಾಕಿದರು. ತಮ್ಮ ಅನ್ನಕ್ಕೆ ಇದು ಕಲ್ಲು ಹಾಕುತ್ತದೆಂದು ಅವರ ಭಯ. ತಿಮೊನಿಯೆ ೧೮೫೭ರಲ್ಲಿ ಬಡವನಾಗಿಯೇ ಸತ್ತ. ಅಮೆರಿಕದಲ್ಲಿ ವಾಲ್ಟರ್ ಹಂಟ್ ಎಂಬವನು ೧೮೩೦ರ ದಶಕದಲ್ಲೇ ಎರಡು ದಾರಗಳ ಯಂತ್ರ ಮಾಡಿದ್ದರೂ ಪೇಟೆಂಟ್ ಪಡೆಯಲಿಲ್ಲ. ಕೈಹೊಲಿಗೆಯ ಹೆಂಗಸರ ಕೆಲಸ ಹೋಗುತ್ತದೆಂದು ಅವನ ಮಗಳು ಬೇಡವೆಂದಳಂತೆ, ಹೀಗೊಂದು ಕಥೆಯಿದೆ. ನಾವು ದಿನವೂ ಬಳಸುವ ಸೇಫ್ಟಿ ಪಿನ್ನಿಗೆ ೧೮೪೯ರಲ್ಲಿ ಪೇಟೆಂಟ್ ಪಡೆದವನೂ ಇವನೇ. ಎಲಿಯಾಸ್ ಹೋವ್ ೧೮೪೬ರಲ್ಲಿ ಪೇಟೆಂಟ್ ಪಡೆದ. ಐಸಾಕ್ ಮೆರಿಟ್ ಸಿಂಗರ್ ಬಂದದ್ದು ಇವರೆಲ್ಲರ ನಂತರ, ೧೮೫೧ರಲ್ಲಿ. ಹೋವ್ ಅವನ ಮೇಲೆ ದಾವೆ ಹೂಡಿ ಗೆದ್ದ. ಕೊನೆಗೆ ೧೮೫೬ರಲ್ಲಿ ಹೋವ್ ಮತ್ತು ದೊಡ್ಡ ತಯಾರಕರೆಲ್ಲ ಸೇರಿ ತಮ್ಮ ಪೇಟೆಂಟ್‌ಗಳನ್ನು ಒಂದೇ ಗಂಟಿನಲ್ಲಿಟ್ಟು, ಬೇರೆಯವರು ಯಂತ್ರ ಮಾಡಿದರೆ ಹಣ ವಸೂಲು ಮಾಡುವ ಒಪ್ಪಂದಕ್ಕೆ ಬಂದರು. ೧೮೭೭ರವರೆಗೆ ಅದು ನಡೆಯಿತು.

ಈ ಯಂತ್ರದ ಗುಟ್ಟು ಎರಡು ಸಂಗತಿಗಳಲ್ಲಿದೆ. ಕೈ ಸೂಜಿಗೆ ಕಣ್ಣು ಹಿಂದುಗಡೆ, ಯಂತ್ರದ ಸೂಜಿಗೆ ಕಣ್ಣು ಮೊನೆಯ ಹತ್ತಿರ. ಇದು ಒಂದು. ಎರಡನೆಯದನ್ನು ನೇಕಾರರ ಊರಿನವರಿಗೆ, ಇಳಕಲ್ಲು ಗುಳೇದಗುಡ್ಡದ ಕಡೆಯವರಿಗೆ, ವಿವರಿಸಿ ಹೇಳಬೇಕಾಗಿಯೇ ಇಲ್ಲ, ಅದು ಲಾಳಿ. ಸೂಜಿ ಬಟ್ಟೆಯನ್ನು ತೂರಿ ಕೆಳಗಿಳಿದು ಇನ್ನೇನು ಮೇಲೇಳಬೇಕು ಎನ್ನುವಾಗ, ಅದರ ದಾರ ಒಂದು ಬದಿಗೆ ಸ್ವಲ್ಪ ಉಬ್ಬಿ ಸಣ್ಣ ಕುಣಿಕೆಯಾಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಮೊನೆಯುಳ್ಳ ಲಾಳಿ ತನ್ನ ಹೊಟ್ಟೆಯಲ್ಲಿ ಇನ್ನೊಂದು ದಾರವನ್ನು ಹೊತ್ತು ಆ ಕುಣಿಕೆಯೊಳಗಿಂದ ಇಡಿಯಾಗಿ ದಾಟಿಹೋಗುತ್ತದೆ. ಸೂಜಿ ಮೇಲೇಳುತ್ತದೆ, ಎರಡು ದಾರಗಳು ಬಟ್ಟೆಯ ನಡುವೆ ಒಂದನ್ನೊಂದು ತಬ್ಬಿ ಬಿಗಿಯುತ್ತವೆ. ಮಗ್ಗದಲ್ಲಿ ಹಾಸಿನ ನಡುವೆ ಹೊಕ್ಕು ಹಾಯಿಸಿದಂತೆಯೇ ಇದು. ಹಳೆಯ ಯಂತ್ರಗಳಲ್ಲಿ ಲಾಳಿ ದೋಣಿಯ ಆಕಾರದ್ದಾಗಿದ್ದು ನೇರವಾಗಿ ಹೋಗಿ ಬರುತ್ತಿತ್ತು. ೨೭ನೆಯ ಮಾದರಿಯಲ್ಲಿ ಅದು ಬಂದೂಕಿನ ಗುಂಡಿನಂತೆ ದುಂಡಗೆ, ಉದ್ದಕ್ಕೆ, ಒಂದು ಕಡೆ ಚೂಪಾಗಿರುತ್ತದೆ. ತೊಟ್ಟಿಲು ಆಡಿದಂತೆ ಸಣ್ಣ ಕಮಾನಿನಲ್ಲಿ ಓಲಾಡುತ್ತದೆ. ಬಾಬಿನ್ ಕೂಡ ಈಗಿನಂತೆ ಗುಂಡಗಿನ ಬಿಲ್ಲೆಯಲ್ಲ. ಎರಡು ಕಡೆ ಸಣ್ಣ ತಟ್ಟೆಗಳಿರುವ ಸಪೂರ ಕಡ್ಡಿ. ಲಾಳಿ ಹೋದದ್ದು ಮತ್ತೆ ಹಿಂದಕ್ಕೆ ಬರಲೇಬೇಕಾದ್ದರಿಂದ ಈ ಯಂತ್ರಕ್ಕೆ ವೇಗದ ಮಿತಿಯಿದೆ. ಆದರೆ ಹೊಲಿಗೆ ಎಷ್ಟು ನೇರ, ಎಷ್ಟು ಸಮ ಎಂಬುದನ್ನು ನೋಡಿದವರೇ ಬಲ್ಲರು.

ಸಿಂಗರ್ ಹೆಸರು ಉಳಿದದ್ದು ಯಂತ್ರಕ್ಕಿಂತ ಮಾರಾಟದ ಚಾತುರ್ಯದಿಂದ ಎಂಬುದು ನನ್ನ ಅಭಿಪ್ರಾಯ. ಅವನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ಎಂಬ ವಕೀಲ. ಒಂದು ಸಂಸಾರದ ತಿಂಗಳುಗಟ್ಟಲೆಯ ಸಂಪಾದನೆಯನ್ನು ನುಂಗುವ ಬೆಲೆಯ ಯಂತ್ರವನ್ನು ಸಾಮಾನ್ಯರು ಕೊಳ್ಳುವುದು ಹೇಗೆ? ಸ್ವಲ್ಪ ಹಣ ಈಗ ಕೊಡಿ, ಮಿಕ್ಕದ್ದನ್ನು ತಿಂಗಳು ತಿಂಗಳು ಕೊಡಿ ಎಂದು ಅವನು ೧೮೫೬ರಲ್ಲಿ ಶುರುಮಾಡಿದ. ನಾವು ಫ್ರಿಜ್ಜಿನಿಂದ ಫ್ಲ್ಯಾಟಿನವರೆಗೆ ಎಲ್ಲವನ್ನೂ ಕೊಳ್ಳುವ ಹಪ್ತೆಯ ಪದ್ಧತಿ ಮನೆಮನೆಗೆ ಬಂದದ್ದು ಹೊಲಿಗೆ ಯಂತ್ರದ ಬೆನ್ನೇರಿ. ಆ ಕಾಲದಲ್ಲಿ ವೀಲರ್ ಅಂಡ್ ವಿಲ್ಸನ್ ಎಂಬ ಇನ್ನೊಂದು ಕಂಪೆನಿ ಒಂದು ಲೆಕ್ಕ ಪ್ರಕಟಿಸಿತ್ತು: ಗಂಡಸರ ಒಂದು ಅಂಗಿಯನ್ನು ಕೈಯಿಂದ ಹೊಲಿಯಲು ಹದಿನಾಲ್ಕು ತಾಸಿಗೂ ಮೇಲೆ, ಯಂತ್ರದಿಂದ ಸುಮಾರು ಒಂದೂಕಾಲು ತಾಸು. ಮಾರುವವರ ಲೆಕ್ಕವೆಂದು ಸ್ವಲ್ಪ ಕಳೆದು ನೋಡಿದರೂ ಅಂತರ ಸಣ್ಣದಲ್ಲ.

ಭಾರತದಲ್ಲಿ ಸಿಂಗರ್ ವ್ಯಾಪಾರವನ್ನು ಕಟ್ಟಿದವರು ನಮ್ಮ ಈ ಮುಂಬಯಿಯವರೇ, ನಸರವಾನ್ಜಿ ಮೆರ್ವಾನ್ಜಿ ಪಟೇಲ್ ಎಂಬ ಪಾರಸಿ ಗೃಹಸ್ಥರು. ೧೮೭೦ರ ದಶಕದಲ್ಲಿ ಆರಂಭಿಸಿ ಹಲವು ದಶಕಗಳ ಕಾಲ ಭಾರತ, ಬರ್ಮಾ, ಸಿಂಹಳಗಳ ವ್ಯವಹಾರವನ್ನು ಅವರು ನೋಡಿಕೊಂಡರು. ಕೆಲಸ ಸುಲಭವಾಗಿರಲಿಲ್ಲ. ಸೀರೆ, ಧೋತರ, ಪಂಚೆ, ರುಮಾಲು, ಶಲ್ಯ: ಇವುಗಳಲ್ಲಿ ಯಾವುದಕ್ಕೂ ಹೊಲಿಗೆ ಬೇಕಿಲ್ಲ. ಮಗ್ಗದಿಂದ ಇಳಿದದ್ದನ್ನು ಉಟ್ಟರಾಯಿತು. ಹೊಲಿದ ಬಟ್ಟೆಯ ಅಗತ್ಯ ಇಷ್ಟು ಕಡಿಮೆಯಿರುವ ದೇಶದಲ್ಲಿ ಯಂತ್ರವನ್ನು ಯಾರಿಗೆ ಮಾರುವುದು? ಈ ವಿಷಯವನ್ನು ಆಳವಾಗಿ ಅಭ್ಯಸಿಸಿದ ಇತಿಹಾಸಕಾರ ಡೇವಿಡ್ ಆರ್ನಾಲ್ಡ್ ಅವರು ಹೇಳುವಂತೆ, ಅಮೆರಿಕದಲ್ಲಿ ಗೃಹಿಣಿಯನ್ನು ನಂಬಿ ಬೆಳೆದ ಕಂಪೆನಿ ಇಲ್ಲಿ ದರ್ಜಿಯನ್ನು ನಂಬಬೇಕಾಯಿತು. ಮನೆಗಳಿಗೆ ಅದು ಮೊದಲು ಹೊಕ್ಕದ್ದು ಪಾರಸಿಗಳಲ್ಲಿ, ಕ್ರೈಸ್ತರಲ್ಲಿ, ಆಂಗ್ಲೋ ಇಂಡಿಯನ್ನರಲ್ಲಿ. ಪ್ಯಾರಿಸಿನಲ್ಲಿ ಯಂತ್ರವನ್ನು ಒಡೆದವರು ದರ್ಜಿಗಳು. ಭಾರತದಲ್ಲಿ ಅದನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಒಯ್ದವರೂ ದರ್ಜಿಗಳು. ಪ್ಯಾರಿಸಿನಲ್ಲಿ ಯಂತ್ರ ಒಬ್ಬ ಮಾಲಿಕನ ಕಾರ್ಖಾನೆಯಲ್ಲಿತ್ತು, ಇಲ್ಲಿ ದರ್ಜಿಯ ಸ್ವಂತದ್ದಾಗಿತ್ತು. ಈ ವ್ಯತ್ಯಾಸವನ್ನು ಮರೆಯಬಾರದು.

ಕನ್ನಡ ನಾಡಿಗೆ ಸೂಜಿಯ ಕಾಯಕ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರೇ ಇದ್ದರು. ಹೊಲಿಯುವುದನ್ನೇ ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ಸಿಂಪಿಗರ ಮನೆಗಳು ನಮ್ಮ ಪೇಟೆ ಊರುಗಳಲ್ಲೆಲ್ಲ ಇವೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಗುಳೇದಗುಡ್ಡದ ಖಣದ ಕುಪ್ಪಸವಿಲ್ಲದೆ ಇಳಕಲ್ಲ ಸೀರೆಗೆ ಕಳೆಯಿಲ್ಲ. ಖಣವನ್ನು ಕುಪ್ಪಸವಾಗಿಸಲು ಸೂಜಿ ಬೇಕೇ ಬೇಕು. ಹಳೆಯ ಮೈಸೂರಿನ ಕಡೆ ಜಂಪರು, ಲಂಗ, ಅಂಗಿಗಳು ಬಂದ ಮೇಲೆ ಯಂತ್ರದ ಸದ್ದು ಅಂಗಡಿಯ ಜಗಲಿಯಿಂದ ನಡುಮನೆಗೆ ಬಂತು. ಗಂಡ ತೀರಿಕೊಂಡ ಎಷ್ಟು ಜನ ತಾಯಂದಿರು ಒಂದು ಕಾಲಿನ ಮಶೀನಿನ ಮೇಲೆ ಮಕ್ಕಳ ಶಾಲೆಯ ಫೀ ಕಟ್ಟಿದ್ದಾರೆ! ಇದಕ್ಕೆ ಅಂಕಿಸಂಖ್ಯೆ ಬೇಕಿಲ್ಲ; ಪರೇಲ್, ಮಾಟುಂಗಾ, ಡೊಂಬಿವಲಿಯ ಚಾಳುಗಳಲ್ಲಿ ಬೆಳೆದ ನಮ್ಮ ಸದಸ್ಯರು ತಮ್ಮ ಮಾಳಿಗೆಯ ನಾಲ್ಕು ಖೋಲಿಗಳನ್ನು ನೆನೆಸಿಕೊಂಡರೆ ಸಾಕು. ಒಂದು ಕೆಲಸ ಮಾತ್ರ ಯಂತ್ರಕ್ಕೆ ಒಗ್ಗಲಿಲ್ಲ. ಅದು ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಕೌದಿಯನ್ನು ಯಂತ್ರದ ಪಾದದಡಿ ತೂರಿಸಲು ಹೊರಟವರು ಸೂಜಿ ಮುರಿದುಕೊಂಡದ್ದೇ ಲಾಭ.

ಗಾಂಧೀಜಿಯವರಿಗೆ ಯಂತ್ರವೆಂದರೆ ಆಗದು ಎಂಬ ಮಾತು ಪ್ರಚಾರದಲ್ಲಿದೆ. ೧೯೨೪ರ ನವೆಂಬರಿನ 'ಯಂಗ್ ಇಂಡಿಯಾ'ದಲ್ಲಿ ಪ್ರಕಟವಾದ ಒಂದು ಸಂಭಾಷಣೆಯಲ್ಲಿ ಅವರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ತಮ್ಮ ವಿರೋಧ ಯಂತ್ರದ ಮೇಲಿನ ಮೋಹಕ್ಕೆ, ಯಂತ್ರಕ್ಕಲ್ಲ ಎಂದು ಹೇಳಿ, ಒಳ್ಳೆಯ ಯಂತ್ರಕ್ಕೆ ಉದಾಹರಣೆಯಾಗಿ ಸಿಂಗರ್ ಹೊಲಿಗೆ ಯಂತ್ರವನ್ನೇ ಎತ್ತಿಕೊಂಡರು. ಹೆಂಡತಿ ಕೈಯಿಂದ ಹೊಲಿದು ಹೊಲಿದು ದಣಿಯುವುದನ್ನು ಕಂಡು, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಈ ಯಂತ್ರವನ್ನು ರಚಿಸಿದನೆಂಬುದು ಅವರ ನಂಬಿಕೆಯಾಗಿತ್ತು. ಕಥೆ ಸೊಗಸಾಗಿದೆ, ಆದರೆ ಸಿಂಗರನ ಚರಿತ್ರೆ ಅದಕ್ಕೆ ಒಪ್ಪುವುದಿಲ್ಲ. ಅವನು ಮೊದಲು ನಾಟಕ ಕಂಪೆನಿಯ ನಟ, ಆಮೇಲೆ ಮೆಕ್ಯಾನಿಕ್. ಒಬ್ಬಳಿರುವಾಗ ಇನ್ನೊಬ್ಬಳ ಸಂಸಾರ. ಹಲವು ಹೆಂಗಸರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ನ್ಯೂಯಾರ್ಕಿನಲ್ಲಿ ಗುಟ್ಟು ರಟ್ಟಾದ ಮೇಲೆ ಯುರೋಪಿಗೆ ಹೋಗಿ, ೧೮೭೫ರಲ್ಲಿ ಇಂಗ್ಲೆಂಡಿನಲ್ಲಿ ಮಹಲಿನ ಒಡೆಯನಾಗಿ ಸತ್ತ. ಪತ್ನೀಪ್ರೇಮಕ್ಕೆ ಇವನನ್ನು ಉದಾಹರಿಸುವುದು ಕಷ್ಟ.

ಆದರೆ ಆ ಸಂಭಾಷಣೆಯಲ್ಲಿ ಮುಂದಿನ ಪ್ರಶ್ನೆ ಇನ್ನೂ ಮುಖ್ಯವಾದದ್ದು. ಮನೆಗೊಂದು ಹೊಲಿಗೆ ಯಂತ್ರ ಇರಬಹುದು ಸರಿ, ಆ ಯಂತ್ರಗಳನ್ನು ಮಾಡಲು ದೊಡ್ಡ ಕಾರ್ಖಾನೆಯೇ ಬೇಕಲ್ಲ ಎಂದು ಕೇಳಿದರು ರಾಮಚಂದ್ರನ್ ಎಂಬ ತರುಣರು. ಬೇಕು, ಆದರೆ ಅಂಥ ಕಾರ್ಖಾನೆಗಳು ರಾಷ್ಟ್ರದ ಒಡೆತನದಲ್ಲೋ ಸರಕಾರದ ಹಿಡಿತದಲ್ಲೋ ಇದ್ದು, ಲಾಭಕ್ಕಲ್ಲದೆ ಜನಹಿತಕ್ಕಾಗಿ ನಡೆಯಬೇಕು ಎಂಬುದು ಗಾಂಧೀಜಿಯವರ ಉತ್ತರ. ಸಿಂಗರನ ಸಂಸಾರದ ವಿಚಾರದಲ್ಲಿ ಅವರಿಗೆ ಸಿಕ್ಕಿದ ಮಾಹಿತಿ ತಪ್ಪಾಗಿದ್ದರೂ ಕಾರ್ಖಾನೆಯ ವಿಚಾರದಲ್ಲಿ ಅವರ ದೃಷ್ಟಿ ಎಷ್ಟು ಸರಿಯಾಗಿತ್ತೆಂಬುದು ನನ್ನ ಯಂತ್ರ ಹುಟ್ಟಿದ ಊರಿನ ಕಥೆ ಓದಿದಾಗ ತಿಳಿಯಿತು. ಅದನ್ನು ಯಂತ್ರದ ದುರಸ್ತಿಯ ಜತೆಗೇ ಹೇಳುತ್ತೇನೆ.

ತಂದಾಗ ಚಕ್ರ ಒಂದು ನೂಲೆಳೆಯಷ್ಟೂ ಅಲ್ಲಾಡುತ್ತಿರಲಿಲ್ಲ. ತುಕ್ಕು ಹಿಡಿದಿದೆ ಎಂದು ನೋಡಿದವರೆಲ್ಲ ಹೇಳಿದರು. ಹಳೆಯ ಮಶೀನುಗಳ ಕೆಲಸದಲ್ಲಿ ಕೂದಲು ನರೆತ ಮಿಸ್ತ್ರಿಯೊಬ್ಬರು ಮಾತ್ರ ಮೂಗು ಹತ್ತಿರ ತಂದು ವಾಸನೆ ನೋಡಿ, "ತುಕ್ಕಲ್ಲ, ಶೇಂಗಾ ಎಣ್ಣೆ" ಎಂದರು. ಮಶೀನಿನ ಎಣ್ಣೆ ಮುಗಿದಾಗ ಅಡಿಗೆಮನೆಯ ಎಣ್ಣೆ ಬಿಡುವುದು ನಮ್ಮಲ್ಲಿ ಎಲ್ಲ ಕಡೆ ಇದ್ದ ರೂಢಿ. ಅದು ಗಾಳಿಗೆ ಗಟ್ಟಿಯಾಗುತ್ತ ಹೋಗಿ ಹಳದಿ ಅರಗಿನಂತೆ ಕೀಲುಗಳನ್ನು ಬಿಗಿದುಬಿಡುತ್ತದೆ. ಮದ್ದು ಘಾಸಲೇಟ್, ನಮ್ಮ ಊರಿನ ಚಿಮಣಿ ಎಣ್ಣೆ. ತಲೆಯನ್ನು ಹಿಂದಕ್ಕೆ ಮಗುಚಿ ಪ್ರತಿಯೊಂದು ಕೀಲಿಗೂ ಒಂದೊಂದು ಹನಿ ಬಿಟ್ಟು ರಾತ್ರಿಯಿಡೀ ಬಿಡುವುದು, ಬೆಳಿಗ್ಗೆ ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಗಾಳಿ ಊದುವುದು, ಚಕ್ರವನ್ನು ಬಲವಂತ ಮಾಡದೆ ಮುಂದಕ್ಕೆ ಹಿಂದಕ್ಕೆ ಮೆಲ್ಲಗೆ ಆಡಿಸುವುದು. ಐದನೆಯ ದಿನ ಚಕ್ರ ಕಾಲು ಸುತ್ತು ತಿರುಗಿತು. ಒಂಬತ್ತನೆಯ ದಿನ ಪೂರ್ತಿ ಸುತ್ತು. ಆಮೇಲೆ ಘಾಸಲೇಟನ್ನೆಲ್ಲ ಒರೆಸಿ ತೆಗೆದು ಅಸಲು ಮಶೀನ್ ಎಣ್ಣೆ ಬಿಟ್ಟೆವು.

ಮೈ ತೊಳೆಯುವ ಕೆಲಸ ಇನ್ನೂ ನಾಜೂಕಿನದು. ಆ ಕಪ್ಪು ಬಣ್ಣವನ್ನು ಕುಲುಮೆಯಲ್ಲಿ ಸುಟ್ಟು ಏರಿಸಿರುತ್ತಾರೆ, ಅದರ ಮೇಲೆ ಬಂಗಾರದ ಚಿತ್ತಾರ, ಚಿತ್ತಾರದ ಮೇಲೆ ತೆಳುವಾದ ವಾರ್ನಿಶ್. ಸ್ಪಿರಿಟ್ ತಾಗಿದರೆ ವಾರ್ನಿಶ್ ಕರಗಿ ಸ್ಫಿಂಕ್ಸಿನ ಮುಖ ಬಟ್ಟೆಗೆ ಬಂದುಬಿಡುತ್ತದೆ. ಸಾಬೂನು ನೀರೂ ಒಳ್ಳೆಯದಲ್ಲ. ಹತ್ತಿಯನ್ನು ಮಶೀನ್ ಎಣ್ಣೆಯಲ್ಲಿ ಅದ್ದಿ, ಮಗುವಿನ ಮುಖ ಒರೆಸಿದ ಹಾಗೆ, ಒಂದೊಂದು ಅಂಗುಲವಾಗಿ ಒರೆಸಬೇಕು. ಕಬ್ಬಿಣದ ಕಾಲುಗಳಿಗೆ ಇಷ್ಟು ಮರ್ಯಾದೆ ಬೇಕಿಲ್ಲ. ತಂತಿಯ ಬ್ರಶ್ಶಿನಿಂದ ತುಕ್ಕು ಉಜ್ಜಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿದರೆ ಸಾಕು. ಒಣಗಿ ಗಟ್ಟಿಯಾಗುವ ಗುಣ ಕೀಲುಗಳಿಗೆ ಶತ್ರು, ಕಾಲುಗಳಿಗೆ ಮಿತ್ರ. ಚರ್ಮದ ಬೆಲ್ಟು ಭೇಂಡಿ ಬಜಾರದಲ್ಲೇ ಸಿಕ್ಕಿತು. ಸೂಜಿಯ ಚಿಂತೆಯೂ ಇರಲಿಲ್ಲ. ಇಂದಿನ ಮನೆ ಮಶೀನುಗಳ ಸಾಮಾನ್ಯ ಸೂಜಿಯೇ ಇದಕ್ಕೂ ಆಗುತ್ತದೆ.

ಕೊನೆಗೆ ಉಳಿದದ್ದು ಮೇಜಿನ ಮರ. ಅದರ ಪಾಲಿಶ್ ಸುಲಿದು ಬೆಳ್ಳಗಾಗಿತ್ತು. ಪಾಲಿಶ್ ಕೆಲಸದವರು ಚಪಡಾ ಎನ್ನುವ ಅರಗಿನ ಚಕ್ಕೆಗಳನ್ನು ಸ್ಪಿರಿಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ವೃತ್ತ ವೃತ್ತವಾಗಿ ಉಜ್ಜಿ, ಒಣಗಿಸಿ, ಮತ್ತೆ ಉಜ್ಜಿ, ಹತ್ತು ಹನ್ನೆರಡು ಕೈ ಏರಿಸುತ್ತಾರೆ. ಮೇಜಿನ ಈ ಒಂದು ಹಲಗೆಗೆ ಎರಡು ದಿನ ಹಿಡಿಯಿತು, ಭುಜ ನೋಯಿತು. ಆ ಕಾಲದ ಒಳ್ಳೆಯ ಮರಗೆಲಸಕ್ಕೆಲ್ಲ ಅರಗಿನ ಪಾಲಿಶೇ. ಜಗತ್ತಿನ ಅರಗೆಲ್ಲ ಹೆಚ್ಚುಕಡಿಮೆ ನಮ್ಮ ಛೋಟಾ ನಾಗಪುರದ ಕಡೆಯ ಕಾಡುಗಳಿಂದ ಕಲಕತ್ತೆಯ ದಾರಿಯಾಗಿ ಹೋಗುತ್ತಿತ್ತು.

ಕ್ಲೈಡ್‌ಬ್ಯಾಂಕಿನ ಕಿಲ್‌ಬೋವಿ ಎಂಬಲ್ಲಿದ್ದ ಸಿಂಗರ್ ಕಾರ್ಖಾನೆ ೧೮೮೫ರಲ್ಲಿ ತೆರೆಯಿತು. ಯಂತ್ರಗಳ ಮಾದರಿಯ ಅಂಕಿಯ ಮುಂದೆ ಬರುವ 'ಕೆ' ಅಕ್ಷರ ಈ ಊರಿನದೇ. ೧೯೧೩ರ ಹೊತ್ತಿಗೆ ವರ್ಷಕ್ಕೆ ಹದಿಮೂರು ಲಕ್ಷ ಯಂತ್ರಗಳು ಅಲ್ಲಿಂದ ಹೊರಬೀಳುತ್ತಿದ್ದವು. ದೂರದವರೆಗೆ ಕಾಣುವ ನಾಲ್ಕು ಮುಖಗಳ ಗಡಿಯಾರದ ಗೋಪುರವಿತ್ತು. ಮರದ ಮೇಜು ಪೆಟ್ಟಿಗೆಗಳನ್ನೂ ಅಲ್ಲೇ ಮಾಡುತ್ತಿದ್ದರು. ಅವುಗಳಿಗೆ ಪಾಲಿಶ್ ಮಾಡುವವರು ಹೆಂಗಸರು. ೧೯೧೧ರ ಮಾರ್ಚ್ ತಿಂಗಳಿನಲ್ಲಿ ಆಡಳಿತದವರು ಪಾಲಿಶ್ ವಿಭಾಗದ ಒಂದು ತಂಡದಿಂದ ಕೆಲವರನ್ನು ತೆಗೆದು ಬೇರೆಡೆಗೆ ಹಾಕಿ, ಅವರ ಕೆಲಸವನ್ನೂ ಉಳಿದ ಹನ್ನೆರಡು ಮಂದಿಯೇ ಮಾಡಬೇಕೆಂದರು. ಕೆಲಸ ಹೆಚ್ಚು, ಕೈಗೆ ಬರುವ ಕೂಲಿ ಕಡಿಮೆ. ಮಾರ್ಚ್ ೨೧ರಂದು ಆ ಹನ್ನೆರಡು ಹೆಂಗಸರು ಕೆಲಸ ಬಿಟ್ಟು ಹೊರಗೆ ಬಂದರು. ಅವರ ಹಿಂದೆ ಅವರ ವಿಭಾಗ, ಆ ವಿಭಾಗದ ಹಿಂದೆ ಮಿಕ್ಕ ವಿಭಾಗಗಳು. ಎರಡು ಮೂರು ದಿನಗಳಲ್ಲಿ ಸುಮಾರು ಹನ್ನೊಂದು ಸಾವಿರ ಮಂದಿ, ಅಂದರೆ ಹೆಚ್ಚುಕಡಿಮೆ ಇಡೀ ಕಾರ್ಖಾನೆ ಬೀದಿಗಿಳಿಯಿತು. ಗಿರಣಿ ಮುಷ್ಕರಗಳನ್ನು ಕಂಡುಂಡ ನಮ್ಮ ಮುಂಬಯಿಯ ಹಿರಿಯರಿಗೆ ಆ ಬೀದಿ ಹೇಗಿದ್ದಿರಬಹುದೆಂದು ವರ್ಣಿಸಬೇಕಾಗಿಲ್ಲ.

ಕಂಪೆನಿ ಕಾರ್ಖಾನೆಗೆ ಬೀಗ ಹಾಕಿತು. ಆಮೇಲೆ ಪ್ರತಿಯೊಬ್ಬ ಕೆಲಸಗಾರನ ಮನೆಗೂ ಒಂದು ಅಂಚೆ ಕಾರ್ಡು ಬಂತು: ಕೆಲಸಕ್ಕೆ ಮರಳಲು ಒಪ್ಪುವವರು ಸಹಿ ಮಾಡಿ ಕಳಿಸಿ, ಬಹುಮತ ಬಂದರೆ ಬಾಗಿಲು ತೆರೆಯುತ್ತೇವೆ. ಸಭೆಯಲ್ಲಿ ಜತೆಯಾಗಿ ಕೈ ಎತ್ತುವುದು ಬೇರೆ. ಮೂರು ವಾರ ಸಂಬಳವಿಲ್ಲದ ಮನೆಯಲ್ಲಿ, ಒಲೆಯ ಮುಂದೆ, ಹೆಂಡತಿ ಮಕ್ಕಳ ಮುಖ ನೋಡುತ್ತ ಒಬ್ಬೊಬ್ಬರಾಗಿ ಕಾರ್ಡಿಗೆ ಸಹಿ ಹಾಕುವುದು ಬೇರೆ. ಬಹುಮತ ಬಂದೇ ಬಂತು. ಏಪ್ರಿಲ್ ೧೦ರಂದು ಜನ ಒಳಗೆ ಹೋದರು. ಮುಂದಾಳುಗಳೆಂದು ಕಂಡ ಸುಮಾರು ನಾನೂರು ಮಂದಿಯನ್ನು ಕಂಪೆನಿ ಕೆಲಸದಿಂದ ತೆಗೆಯಿತು. ಹಾಗೆ ಹೊರಬಿದ್ದವರಲ್ಲಿ ಆರ್ಥರ್ ಮ್ಯಾಕ್‌ಮ್ಯಾನಸ್ ಎಂಬವನೊಬ್ಬ. ೧೯೨೦ರಲ್ಲಿ ಬ್ರಿಟನ್ನಿನ ಕಮ್ಯುನಿಸ್ಟ್ ಪಕ್ಷ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷನಾದ. ಆ ಹನ್ನೆರಡು ಹೆಂಗಸರು ಇತಿಹಾಸದಲ್ಲಿ ಹನ್ನೆರಡು ಎಂಬ ಸಂಖ್ಯೆಯಾಗಿಯೇ ಉಳಿದಿದ್ದಾರೆ.

ಹೊಲಿಗೆ ಯಂತ್ರ ಹೆಂಗಸರ ಕಷ್ಟ ನೀಗಿತು ಎಂದು ಬರೆಯುವವರು ಅರ್ಧ ಸತ್ಯ ಬರೆಯುತ್ತಾರೆ. ಚಾಳಿನ ಖೋಲಿಯಲ್ಲಿ ಆ ಮೇಜಿನ ಮುಂದೆ ಕುಳಿತವಳಿಗೆ ಅದು ಅನ್ನ ಕೊಟ್ಟಿತು, ನಿಜ. ಅದೇ ಮೇಜಿಗೆ ಹೊಳಪು ಕೊಟ್ಟವಳ ಅನ್ನವನ್ನು ಕಂಪೆನಿ ಕಡಿಮೆ ಮಾಡಿತ್ತು. ಗಾಂಧೀಜಿಯವರನ್ನು ಆ ತರುಣರು ಕೇಳಿದ ಪ್ರಶ್ನೆ ಸುಮ್ಮನೆ ಬಂದದ್ದಲ್ಲ.

ಮುಂದಿನದನ್ನು ಬೇಗ ಹೇಳಿಬಿಡಬಹುದು. ೧೯೪೧ರ ಮಾರ್ಚ್ ೧೩ ಮತ್ತು ೧೪ರ ರಾತ್ರಿ ಜರ್ಮನಿಯ ವಿಮಾನಗಳು ಕ್ಲೈಡ್‌ಬ್ಯಾಂಕಿನ ಮೇಲೆ ಬಾಂಬು ಸುರಿದಾಗ ಸಿಂಗರಿನ ಮರದ ಅಡ್ಡೆ ಹತ್ತಿ ಉರಿಯಿತು. ಗಡಿಯಾರದ ಗೋಪುರವನ್ನು ೧೯೬೩ರಲ್ಲಿ ಕೆಡವಿದರು. ೧೯೮೦ರಲ್ಲಿ ಕಾರ್ಖಾನೆಯೇ ಮುಚ್ಚಿತು. ಅಲ್ಲಿಯ ರೈಲು ನಿಲ್ದಾಣದ ಹೆಸರು ಮಾತ್ರ ಇಂದಿಗೂ ಸಿಂಗರ್. ನಮ್ಮಲ್ಲಿ ೧೯೩೦ರ ದಶಕದಲ್ಲೇ ಕಲಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ 'ಉಷಾ' ಯಂತ್ರಗಳನ್ನು ಮಾಡತೊಡಗಿತ್ತು. ಸ್ವಾತಂತ್ರ್ಯದ ನಂತರ ಮನೆಮನೆಯ ಹೆಸರು ಅದೇ ಆಯಿತು. ಆಮೇಲೆ ಲುಧಿಯಾನದ ಯಂತ್ರಗಳು ಬಂದವು. ಉಷಾ ಮತ್ತು ಅದರ ಹಿಂದೆ ಬಂದವುಗಳಲ್ಲಿ ಹೆಚ್ಚಿನವು ಸಿಂಗರಿನ ೧೫ನೆಯ ಮಾದರಿಯ ಅಚ್ಚಿನವು, ಗುಂಡು ಬಾಬಿನ್ನಿನವು. ಉದ್ದ ಲಾಳಿ ಹಿಂದಕ್ಕೆ ಸರಿದದ್ದು ಹೀಗೆ. ಬಾಬಿನ್ ಕೆಟ್ಟರೆ ಮೂಲೆಯಂಗಡಿಯಲ್ಲಿ ಸಿಗದ ಯಂತ್ರವನ್ನು ಯಾರು ಇಟ್ಟುಕೊಳ್ಳುತ್ತಾರೆ?

ನಮ್ಮ ಯಂತ್ರ ಈಗ ಹೊಲಿಯುತ್ತದೆ. ದಿಂಬಿನ ಚೀಲಗಳಾದವು, ಪಡದೆಗಳಾದವು, ಮೊನ್ನೆ ಒಂದು ಖಣದ ಕುಪ್ಪಸವೂ ಆಯಿತು. ಊರಿನ ಮನೆಯ ಅಟ್ಟದ ಮೇಲೆ ಇಂಥದೊಂದು ಇರುವ ಸದಸ್ಯರು ಅದನ್ನು ತೂಕಕ್ಕೆ ಕೊಡುವ ಮೊದಲು ಹಾಸಿನ ಬಲಗಡೆಯ ಅಂಕಿಯನ್ನು ಒರೆಸಿ ನೋಡಬೇಕು. ಅಂಕಿಯ ಹಿಂದೆ ಅಕ್ಷರವೇ ಇಲ್ಲದಿದ್ದರೆ ಯಂತ್ರ ೧೯೦೦ಕ್ಕಿಂತ ಹಿಂದಿನದು. 'ಎಫ್' ಅಥವಾ 'ವೈ' ಇದ್ದರೆ ಕ್ಲೈಡ್‌ಬ್ಯಾಂಕಿನದು. ಉದ್ದ ಬಾಬಿನ್‌ಗಳನ್ನು, ಲಾಳಿಗಳನ್ನು ಈಗ ಹೊಸದಾಗಿಯೂ ಮಾಡಿ ಮಾರುತ್ತಾರೆ, ಹುಡುಕಿದರೆ ಸಿಗುತ್ತವೆ. ಲಾಳಿಯ ಹಾದಿಯನ್ನು ಮುಚ್ಚುವ ಎರಡು ಜಾರುತಟ್ಟೆಗಳಲ್ಲಿ ಹಿಂದಿನದು ನಮ್ಮದರಲ್ಲಿಲ್ಲ. ಸದ್ಯಕ್ಕೆ ಬಿಸ್ಕತ್ತಿನ ಡಬ್ಬಿಯ ತಗಡು ಕತ್ತರಿಸಿ ಕೂರಿಸಿದ್ದೇವೆ. ಮುರಿದ ೨೭ನೆಯ ಮಾದರಿ ಯಾರ ಬಳಿಯಾದರೂ ಇದ್ದು, ಆ ತಟ್ಟೆಯನ್ನು ಬಿಟ್ಟುಕೊಡುವುದಾದರೆ, ದಯವಿಟ್ಟು ಸಂಘದ ಕಚೇರಿಗೆ ತಿಳಿಸಬೇಕು.